ಹಗ್ಗದ ತುದಿಯ ರಮಾನಂದ

ಕಾಯ್ಕಿಣಿ ಕಡೆಯ ರಮಾನಂದ ನಾಯ್ಕನಿಗೆ ಗಿಡಮರಗಳ ಬಗ್ಗೆ ಗೊತ್ತಿದ್ದದ್ದು ಎರಡೇ ಸಂಗತಿ. ಯಾವ ಮರದ ಬುಡದಲ್ಲಿ ನೆರಳಿದೆ, ಯಾವ ಮರದ ಮೇಲೆ ಚಗಳಿ ಇರುವೆ ಗೂಡು ಕಟ್ಟಿದೆ. ಇಷ್ಟು ಬಂಡವಾಳ ಇಟ್ಟುಕೊಂಡು ಅವನು ಮೂವತ್ತು ವರ್ಷ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಸಸ್ಯ ಸರ್ವೆ ನಡೆಸಿದ. ನಡೆಸಿದ ಎನ್ನುವುದು ಅವನದೇ ಮಾತು. ಅವನು ಮಾಡಿದ್ದು ಹಗ್ಗದ ತುದಿ ಹಿಡಿದದ್ದು.

ಸಸ್ಯ ಸರ್ವೆ ಎಂದರೆ ಹೊರಗಿನವರಿಗೆ ಏನೋ ಮಹಾ ವಿದ್ಯೆ ಅನ್ನಿಸಬಹುದು. ಅಂಥದ್ದೇನಿಲ್ಲ. ಕಾಡೊಳಗೆ ಹಗ್ಗ ಎಳೆದು ಒಂದು ಚೌಕ ಹಾಕುತ್ತಾರೆ. ಆ ಚೌಕದೊಳಗಿನ ಮರ, ಗಿಡ, ಬಳ್ಳಿ, ಹುಲ್ಲು ಎಲ್ಲವನ್ನೂ ಹೆಸರು ಹಿಡಿದು ಬರೆಯುತ್ತಾರೆ. ಮೂಲೆಯ ಮರಕ್ಕೆ ಗುರುತಿಗೆಂದು ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಮೊಳೆ ಹೊಡೆದು ಹೋಗುತ್ತಾರೆ. ಇಂಥ ಚೌಕಗಳನ್ನು ಗುಡ್ಡದ ಬೇರೆ ಬೇರೆ ಮೂಲೆಯಲ್ಲಿ, ಬೇರೆ ಬೇರೆ ಕಾಲದಲ್ಲಿ ಹಾಕಬೇಕು ಎಂದು ಪುಸ್ತಕದಲ್ಲಿದೆಯಂತೆ. ಪುಸ್ತಕ ಬರೆದವರು ಮಾರ್ಚ್ ತಿಂಗಳ ಬಿಸಿಲಲ್ಲಿ ನಮ್ಮ ಜಂಬಿಟ್ಟಿಗೆ ಕಲ್ಲಿನ ಗುಡ್ಡ ಹತ್ತಿದವರಲ್ಲ.

ಮಾರ್ಚ್ ಎಂದೆನಲ್ಲ, ಅದೂ ಒಂದು ಕತೆ. ಸರ್ಕಾರದ ದುಡ್ಡು ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕು. ಹಾಗಾಗಿ ಸರ್ವೆಯವರಿಗೆ ಕಾಡಿನ ನೆನಪಾಗುವುದು ಫೆಬ್ರವರಿಯಲ್ಲಿ, ಬರುವುದು ಮಾರ್ಚಿನಲ್ಲಿ. ಅಷ್ಟೊತ್ತಿಗೆ ಮತ್ತಿ, ಹೊನ್ನೆ, ನಂದಿ, ಕಣಗಲು ಎಲ್ಲವೂ ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ. ನೆಲದ ಹುಲ್ಲು ಸುಟ್ಟ ಹಪ್ಪಳದ ಬಣ್ಣಕ್ಕೆ ಬಂದಿರುತ್ತದೆ. ಇದನ್ನು ನೋಡಿದವರು 'ಒಣ ಕಾಡು' ಎಂದು ಬರೆದರು. ಅವರ ಹಿಂದೆ ಬಂದವರೂ ಅದನ್ನೇ ಬರೆದರು. ಜೂನ್ ತಿಂಗಳಲ್ಲಿ ಮುಗಿಲು ಹರಿದು ಬಿದ್ದಾಗ, ಅದೇ ಗುಡ್ಡದಲ್ಲಿ ಕಾಲಿಡಲು ಜಾಗವಿಲ್ಲದಂತೆ ಹಸಿರು ಏಳುವಾಗ, ಬರೆದವರು ಯಾರೂ ಇಲ್ಲಿರುವುದಿಲ್ಲ. ಅವರು ಎಲ್ಲೋ ಫ್ಯಾನಿನ ಕೆಳಗೆ ಕೂತು ಮುಂದಿನ ಮಾರ್ಚಿಗೆ ಅರ್ಜಿ ಬರೆಯುತ್ತಿರುತ್ತಾರೆ.

ರಮಾನಂದನ ಮನೆಯ ಹಿಂದಿನದು ಕೌಳಿಗುಡ್ಡ. ಬುಡದಲ್ಲಿ ಇಲಾಖೆ ನೆಟ್ಟ ಅಕೇಶಿಯಾ, ನಾಲ್ಕು ಗೇರು ಮರ, ಒಂದು ಒಂಟಿ ಮತ್ತಿ ಮರ. ಅಲ್ಲೇ ರಸ್ತೆ ಬದಿಗೆ ರೇಖಾಳ ಚಾ ಹೋಟೆಲು. ಬುಡ ದಾಟಿ ಮೇಲೆ ಹೋದರೆ ಗುಡ್ಡದ ಬೆನ್ನು. ಅಲ್ಲಿ ಮುಳ್ಳು, ಪೊದೆ, ಸೀಗೆ ಬಳ್ಳಿಯ ಜಾಲ, ಹಳೆಯ ದೊಡ್ಡ ಮರಗಳು. ಊರ ಹೆಂಗಸರು ತರಗೆಲೆಗೆ, ಸೊಪ್ಪಿಗೆ, ಸೀಗೆಕಾಯಿಗೆ, ಬೇಸಿಗೆಯಲ್ಲಿ ಕೌಳಿ ಹಣ್ಣಿಗೆ ಹೋಗುವುದು ಆ ಬೆನ್ನಿಗೆ. ರಮಾನಂದನ ಹೆಂಡತಿ ಮಂಗಲಾ ಮದುವೆಯಾಗಿ ಬಂದ ವರ್ಷದಿಂದ ಆ ದಾರಿ ಸವೆಸಿದವಳು. ಭಟ್ಕಳ ಪೇಟೆಯಲ್ಲಿ ಅವಳ ಸೀಗೆಕಾಯಿಗೆ ಕಾಯುವ ಅಂಗಡಿಗಳಿದ್ದವು.

ರಮಾನಂದ ಮಾತ್ರ ಆ ಬೆನ್ನಿಗೆ ಕಾಲಿಡುತ್ತಿರಲಿಲ್ಲ. ಯಾವ ಸರ್ವೆ ಬಂದರೂ, ಯಾವ ಕಾಲೇಜು ಬಂದರೂ, ಯಾವ ಇಲಾಖೆ ಬಂದರೂ ಅವನು ಎಲ್ಲರನ್ನೂ ಕರೆದೊಯ್ಯುತ್ತಿದ್ದದ್ದು ಒಂದೇ ಜಾಗಕ್ಕೆ: ರೇಖಾಳ ಹೋಟೆಲಿನ ಹಿಂದೆ, ಗೇರು ಮರದ ನೆರಳಿಗೆ. ಅಲ್ಲಿ ಹಗ್ಗ ಎಳೆಯುವುದು, ಅಕೇಶಿಯಾ ಬರೆಯುವುದು, ಗೇರು ಬರೆಯುವುದು, ಮತ್ತಿ ಮರಕ್ಕೆ ಬಿಲ್ಲೆ ಹೊಡೆಯುವುದು, ಆಮೇಲೆ ಬಾಳೆಹಣ್ಣಿನ ಬನ್ಸು, ಚಾ. ಎರಡನೇ ಚೌಕ ಎಲ್ಲಿ ಎಂದು ಯಾರಾದರೂ ಹುರುಪಿನವರು ಕೇಳಿದರೆ ರಮಾನಂದ ಅದೇ ಮತ್ತಿ ಮರದ ಆಚೆ ಬದಿಗೆ ಕರೆದೊಯ್ದು ನಿಲ್ಲಿಸುತ್ತಿದ್ದ.

"ಕಾಡು ಎಲ್ಲಾ ಕಡೆ ಒಂದೇಯಾ ಸಾಹೇಬ್ರೆ. ಇಲ್ಲಿದ್ದದ್ದೇ ಅಲ್ಲಿ. ಸುಮ್ನೆ ಬೂಟು ಹರ್ಕಳೂಕೆ ಎಂತಕ್ಕೆ ಹೋಗೂದು?"

ಬಂದವರಿಗೂ ಬೂಟಿನ ಮೇಲೆ ಪ್ರೀತಿ. ಅದಕ್ಕೂ ಒಪ್ಪದೆ ಮೇಲೆ ಹೋಗೋಣ ಎನ್ನುವ ಹಟಮಾರಿಗಳಿಗೆ ರಮಾನಂದ ಇನ್ನೊಂದು ಅಸ್ತ್ರ ಇಟ್ಟಿದ್ದ. ದನಿ ತಗ್ಗಿಸಿ, ಕೈ ಮುಗಿದು, "ಮೇಲೆ ಚೌಡಿ ಜಾಗ ಸಾಹೇಬ್ರೆ. ಅಲ್ಲಿ ಹಗ್ಗ ಹಾಕಿ ಅಳ್ಯೂಕಾಗ. ಅಳ್ದವ್ರು ಯಾರೂ ಉದ್ಧಾರ ಆಗ್ಲಿಲ್ಲ" ಎನ್ನುತ್ತಿದ್ದ. ದೈವದ ನೆಲಕ್ಕೆ ಅಳತೆ ಹಗ್ಗ ಮುಟ್ಟಿಸಬಾರದು ಎಂಬ ನಂಬಿಕೆ ಈ ಕಡೆ ಹಳೆಯದು, ಸುಳ್ಳಲ್ಲ. ಸುಳ್ಳು ಏನೆಂದರೆ ಕೌಳಿಗುಡ್ಡದಲ್ಲಿ ಯಾವ ಚೌಡಿಯೂ ಇರಲಿಲ್ಲ. ದಿನಾ ಕತ್ತಿ ಹಿಡಿದು ಹೋಗುವ ಹೆಂಗಸರಿಂದ ಒಂದು ಕಲ್ಲೂ ಅಲ್ಲಿ ಕೈ ಮುಗಿಸಿಕೊಂಡಿರಲಿಲ್ಲ. ಆದರೆ ಓದಿದವರು ಹಳ್ಳಿಯವರ ನಂಬಿಕೆಯನ್ನು ಬಹಳ ಗೌರವಿಸುತ್ತಾರೆ, ಅದರಲ್ಲೂ ಆ ನಂಬಿಕೆಯಿಂದ ಗುಡ್ಡ ಹತ್ತುವುದು ತಪ್ಪುವುದಾದರೆ. 'ಪವಿತ್ರ ಸ್ಥಳ, ಪ್ರವೇಶವಿಲ್ಲ' ಎಂದು ಬರೆದುಕೊಂಡು ಇನ್ನೊಂದು ಬನ್ಸು ತಿನ್ನುತ್ತಿದ್ದರು.

ಈ ವಿದ್ಯೆ ಅವನಿಗೆ ಹತ್ತಿದ್ದು ಕತಗಾಲ ಎಂಬ ಊರಲ್ಲಿ. ಹರೆಯದಲ್ಲಿ ಒಮ್ಮೆ ಸರ್ವೆಯವರ ಜೊತೆ ಹಗ್ಗ ಹೊತ್ತು ಕುಮಟಾ ಕಡೆ ಹೋಗಿದ್ದ. ಅಲ್ಲಿ ವಿಶ್ವನಾಥ ಹೆಗಡೆ ಎಂಬ ತೋಟಗಾರರು ತೋಟದ ಗೊಬ್ಬರಕ್ಕೆ ಸೊಪ್ಪು ತರುವ ತಮ್ಮ ಬೆಟ್ಟಕ್ಕೆ ಅಡ್ಡ ನಿಂತು ನಗುನಗುತ್ತಾ, "ಒಳಗೆ ಎಂತ ಇದ್ದು ಮಾರಾಯಾ, ಬರೀ ಮುಳ್ಳು ಇದ್ದು. ಇಲ್ಲೇ ನೆಳ್ಳಲ್ಲಿ ಕೂರಿ, ಚಾ ತರಸ್ತೆ. ಇಲ್ಲೇ ಅಳದ್ಬಿಡಿ" ಎಂದಿದ್ದರು. ಬೆಟ್ಟದಲ್ಲಿ ಏನಿದೆಯೆಂದು ಸರ್ಕಾರಕ್ಕೆ ತಿಳಿಯದಿದ್ದರೆ ಒಳ್ಳೆಯದು ಎಂಬುದು ಹೆಗಡೆಯವರ ಲೆಕ್ಕ. ರಮಾನಂದನ ತಲೆಯಲ್ಲಿ ಉಳಿದದ್ದು ಲೆಕ್ಕವಲ್ಲ, ಚಾ.

ಅವನನ್ನು ಬರೀ ಸೋಮಾರಿ ಎಂದರೆ ಅರ್ಧ ಅನ್ಯಾಯವಾಗುತ್ತದೆ. ಉಳಿದರ್ಧಕ್ಕೆ ಕಾರಣ ಅವನ ತಮ್ಮ ಭಾಸ್ಕರ. ರಮಾನಂದ ಸರ್ವೆ ಕೆಲಸಕ್ಕೆ ಬಿದ್ದ ಹೊಸತರಲ್ಲೇ ಒಂದು ಬೇಸಿಗೆ ಕಟ್ಟಿಗೆಗೆಂದು ಗುಡ್ಡಕ್ಕೆ ಹೋದ ಭಾಸ್ಕರನಿಗೆ ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಮಂಗನ ಕಾಯಿಲೆ ಬಂತು. ಬದುಕಿದ. ಆದರೆ ಕೈ ನಡುಗುವುದು ನಿಲ್ಲಲಿಲ್ಲ. ಕೂಲಿಗೆ ಕರೆಯುವವರಿಲ್ಲದೆ ಅವನ ಹೆಂಡತಿ ರೇಖಾ ರಸ್ತೆ ಬದಿಗೆ ಸೋಗೆ ಮಾಡಿನ ಹೋಟೆಲು ಹಾಕಿದಳು. ಆ ವರ್ಷದಿಂದ ರಮಾನಂದನಿಗೆ ಗುಡ್ಡದ ಬೆನ್ನು ಎಂದರೆ ಹೆದರಿಕೆ. ಸರ್ವೆಗಳೆಲ್ಲ ಹೋಟೆಲಿನ ಹಿಂದೆ ಬಂದು ಬೀಳಲು ಶುರುವಾದದ್ದೂ ಆ ವರ್ಷದಿಂದಲೇ. ಇದನ್ನು ಅವನು ಯಾರ ಹತ್ತಿರವೂ ಬಾಯಿಬಿಟ್ಟವನಲ್ಲ. ಉಣುಗಿಗೆ ಹೆದರುವವ ಎನ್ನಿಸಿಕೊಳ್ಳುವುದಕ್ಕಿಂತ ಚೌಡಿಗೆ ಹೆದರುವವ ಎನ್ನಿಸಿಕೊಳ್ಳುವುದು ಗಂಡಸಿಗೆ ಮರ್ಯಾದೆ.

ಹೀಗೆ ಮೂವತ್ತು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಕಂಪನಿ ಬಂತು.

ಕಂಪನಿಗೆ ಕೌಳಿಗುಡ್ಡ ಬೇಕಿತ್ತು. ಗುಡ್ಡ ಸಮ ಮಾಡಿ, ಹೆದ್ದಾರಿಯಿಂದ ರಸ್ತೆ ಎಳೆದು, ಸರಕಿನ ಪೆಟ್ಟಿಗೆಗಳನ್ನು ಪೇರಿಸಿಡುವ ದೊಡ್ಡ ಯಾರ್ಡ್ ಮಾಡುವುದು. ಅದಕ್ಕೆ ಮೊದಲು ಗುಡ್ಡದಲ್ಲಿ ಗಿಡಮರ ಏನಿದೆ ಎಂದು ತೋರಿಸಬೇಕು ಎಂಬ ಕಾಯ್ದೆ ಇದೆಯಲ್ಲ, ಅದಕ್ಕಾಗಿ ಕಂಪನಿಯ ಖರ್ಚಿನಲ್ಲೇ ಒಂದು ಸರ್ವೆ. ಸರ್ವೆಯ ಮುಖ್ಯಸ್ಥ ನಾಗರಾಜ ಎಂಬವನು. ಕಪ್ಪು ಕನ್ನಡಕ, ಸೊಂಟಕ್ಕೊಂದು ಚೀಲ, ಕಿವಿಗೆ ಸದಾ ಫೋನು. ಬಂದದ್ದು, ಹೇಳಬೇಕಾಗಿಲ್ಲ, ಮಾರ್ಚಿನಲ್ಲಿ.

"ರಮಾನಂದ್ ಅವ್ರೆ, ಈ ಭಾಗದಲ್ಲಿ ನಿಮ್ಮಷ್ಟು ಅನುಭವ ಇರೋರು ಇಲ್ವಂತೆ" ಎಂದ ನಾಗರಾಜ.

ರಮಾನಂದ ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡ. "ನಾ ಇಲ್ದೆ ಈ ಕಡೆ ಒಂದು ಹುಲ್ಲು ಕಡ್ಡೀನೂ ಲೆಕ್ಕಕ್ಕೆ ಸೇರ್ಲಿಲ್ಲ ಸಾಹೇಬ್ರೆ."

ಗೇರು ಮರದ ನೆರಳು, ಹಗ್ಗ, ಚೌಕ. ನಾಗರಾಜ ಸುತ್ತ ನೋಡಿ, ಮೇಲೆ ಗುಡ್ಡದ ಬೆನ್ನಿನ ಬೋಳು ಮರಗಳತ್ತ ಕೈ ತೋರಿಸಿ, "ಅವೆಲ್ಲ ಸತ್ತಿವೆಯಾ?" ಎಂದು ಕೇಳಿದ. ರಮಾನಂದನ ಬಾಯಲ್ಲಿ ಬನ್ಸಿತ್ತು. ತಲೆಯಾಡಿಸಿದ. ಹೌದೋ ಅಲ್ಲವೋ ಎಂದು ಅವನಿಗೇ ಗೊತ್ತಾಗದ ಹಾಗೆ ಆಡಿಸಿದ್ದು. ನಾಗರಾಜ 'ಬಹುಪಾಲು ಒಣಗಿ ಸತ್ತ ಮರಗಳು' ಎಂದು ಬರೆದುಕೊಂಡ. ಹೋಗುವಾಗ ಇನ್ನೊಂದು ಮಾತು ಹೇಳಿ ಹೋದ. ಮುಂದಿನ ತಿಂಗಳ ಅಹವಾಲು ಸಭೆಯಲ್ಲಿ ರಮಾನಂದನಿಗೆ ಶಾಲು ಹೊದಿಸಿ, 'ಸ್ಥಳೀಯ ಸಸ್ಯತಜ್ಞ' ಎಂದು ಸನ್ಮಾನ ಮಾಡುತ್ತಾರಂತೆ.

ಆ ದಿನ ರಮಾನಂದ ಮನೆಗೆ ನಡೆದು ಬಂದದ್ದಲ್ಲ, ತೇಲಿ ಬಂದದ್ದು. ಮಂಗಲಾ ಅಂಗಳದಲ್ಲಿ ಸೀಗೆಕಾಯಿ ಹರವುತ್ತಿದ್ದಳು.

"ಕೇಳಿದ್ಯನೇ? ಶಾಲು ಹೊದಿಸ್ತರಂತೆ ನಂಗೆ. ತಜ್ಞ ಅಂತೆ."

"ಯಾರು ಹೊದಿಸೂದು?"

"ಕಂಪನಿಯವ್ರು."

"ಕಂಪನಿಯವ್ರಿಗೆ ಯಾವ ಗುಡ್ಡ ಬೇಕಂತೆ?"

ರಮಾನಂದ ಕೌಳಿಗುಡ್ಡ ಎಂದ. ಪೂರ್ತಿ ಗುಡ್ಡವೇ, ಬುಡದಿಂದ ಬೆನ್ನಿನ ತನಕ. ಹೇಳುವಾಗಲೂ ಅವನ ಕಣ್ಣ ಮುಂದೆ ಶಾಲು ಇತ್ತು, ಗುಡ್ಡ ಇರಲಿಲ್ಲ. ಮಂಗಲಾ ಕೈಯಲ್ಲಿದ್ದ ಸೀಗೆಕಾಯಿಯನ್ನು ಹಾಗೇ ಬಿಟ್ಟು ಎದ್ದು ನಿಂತಳು.

"ಹೋಯ್, ನಿಮ್ಗೆ ಎಂತ ಆಗದೆ? ಗುಡ್ಡ ಹೋದ್ರೆ ಸೊಪ್ಪಿಗೆ ನಾ ಎಲ್ಲಿಗೆ ಹೋಗೂದು, ಅವ್ರ ಶಾಲಿನ ಮೇಲಾ? ಎಂತ ಬರ್ದ್ರು ಅವ್ರು?"

"ಅದೇ. ಅಕೇಶಿಯಾ, ಗೇರು. ಮೇಲಿದ್ದದ್ದೆಲ್ಲ ಸತ್ತ ಮರ ಅಂತ."

"ಸತ್ತ ಮರ! ಎಲೆ ಉದ್ರಿದ್ದು ಸತ್ತದ್ದಾದ್ರೆ ನಿಮ್ಮ ತಲೆ ನೋಡಿ ನಿಮ್ಮನ್ನೂ ಸತ್ತವ್ರ ಲೆಕ್ಕಕ್ಕೆ ಬರೂಕೆ ಅಡ್ಡಿಲ್ಲ."

ರಮಾನಂದ ತನ್ನ ಬೋಳು ತಲೆ ಸವರಿಕೊಂಡು ಒಳಗೆ ಹೋದ. ಜಗಳದಲ್ಲಿ ಅವನಿಗೆ ಬರುತ್ತಿದ್ದ ಪಟ್ಟು ಅದೊಂದೇ.

ಮಂಗಲಾ ಬಿಡಲಿಲ್ಲ. ಸಭೆಯವರೆಗಿನ ದಿನಗಳಲ್ಲಿ ಊಟಕ್ಕೆ ಬಡಿಸುವಾಗ ಒಂದು ಸಲ, ಹಾಸಿಗೆ ಹಾಸುವಾಗ ಒಂದು ಸಲ ಕೇಳಿದಳು: ನೀವು ಬೆನ್ನಿಗೆ ಯಾರನ್ನೂ ಕರ್ಕೊಂಡು ಹೋಗ್ಲಿಲ್ಲ ಅಂತ ಸಭೇಲಿ ಹೇಳ್ತ್ರಾ ಇಲ್ವಾ? ರಮಾನಂದನ ಕಷ್ಟ ಅವಳಿಗೆ ಗೊತ್ತಿರಲಿಲ್ಲ ಎಂದಲ್ಲ. ಹಾಗೆ ಹೇಳಿದರೆ ಮೂವತ್ತು ವರ್ಷದ ಅವನ ಹೆಸರು ಹೋಟೆಲಿನ ಹಿಂದಿನ ಬಚ್ಚಲಿಗೆ ಹರಿದು ಹೋಗುತ್ತಿತ್ತು. ಮೂರು ತಾಲೂಕಿನ ಸಸ್ಯ ಸಂಪತ್ತು ಎಂದರೆ ರೇಖಾಳ ಗೇರು ಮರ ಎಂದು ಲೋಕಕ್ಕೆ ತಿಳಿಯುತ್ತಿತ್ತು. ರೇಖಾಳ ಲೆಕ್ಕವೇ ಬೇರೆ. "ಭಾವಾ, ಯಾರ್ಡ್ ಆದ್ರೆ ಲಾರಿ ಎಷ್ಟು ಬತ್ತದೆ ಗೊತ್ತದ್ಯಾ? ನಿಮ್ಮ ಸರ್ವೆಯವ್ರು ವರ್ಷಕ್ಕೊಂದು ಸಲ ಬನ್ಸ್ ತಿಂದ್ರೆ ನನ್ನ ಒಲೆ ಉರೀತದ್ಯಾ?" ಎಂದು ಅವಳು ಗ್ಲಾಸು ತೊಳೆಯುತ್ತ ಹೇಳಿದಳು. ಅದರಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಭಾಸ್ಕರ ಪಕ್ಕದ ಬೆಂಚಿನಲ್ಲಿ ಎರಡೂ ಕೈಯಲ್ಲಿ ಗ್ಲಾಸು ಹಿಡಿದು, ಚಾ ಚೆಲ್ಲದ ಹಾಗೆ ಕುಡಿಯುತ್ತಿದ್ದ.

ಸಭೆಯ ದಿನ ಶಾಲೆಯ ಮೈದಾನದಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಹತ್ತಿ ಬಟ್ಟೆ ಹೊದಿಸಿದ ಕುರ್ಚಿ, ಹಿಂದಿನವರಿಗೆ ಬರೀ ಪ್ಲಾಸ್ಟಿಕ್ಕು, ಹೆಂಗಸರಿಗೆ ಜಮಖಾನ. ಜನರ ಅಹವಾಲು ಕೇಳಲು ಕರೆದ ಸಭೆಯಲ್ಲಿ ಮೈಕು ಕಂಪನಿಯವರ ಕೈಯಲ್ಲಿ, ಊಟದ ಪೊಟ್ಟಣ ಯುವಕ ಸಂಘದ ವಿನೋದನ ಕೈಯಲ್ಲಿ. ವೇದಿಕೆ ಮೇಲೆ ಒಬ್ಬ ಅಧಿಕಾರಿ. ಪಾಪ, ಅವರಿಗೆ ಅದೇ ದಿನ ಇನ್ನೂ ಒಂದು ಸಭೆಯಿತ್ತು. ಕೈಗಡಿಯಾರದ ಕಡೆ ಅವರು ನೋಡುತ್ತಿದ್ದ ಪ್ರೀತಿ ಗುಡ್ಡದ ಕಡೆ ಇದ್ದಿದ್ದರೆ ಈ ಸಭೆಯೇ ಬೇಕಾಗುತ್ತಿರಲಿಲ್ಲ.

ಮೊದಲು ಸನ್ಮಾನ. ರಮಾನಂದನ ಹೆಗಲಿಗೆ ಜರಿ ಅಂಚಿನ ಕೆಂಪು ಶಾಲು ಬಿತ್ತು. ಅವನು ಅದನ್ನು ಎರಡೂ ಕೈಯಿಂದ ಎಳೆದುಕೊಂಡು, ಎಪ್ರಿಲ್ ಸೆಕೆಯಲ್ಲಿ ಬೆವರುತ್ತಾ, ಮುಂದಿನ ಸಾಲಿನಲ್ಲಿ ಕೂತ. ಆಮೇಲೆ ನಾಗರಾಜ ಪರದೆಯ ಮೇಲೆ ಚಿತ್ರ ತೋರಿಸಿದ. ಅಕೇಶಿಯಾ ಬಂತು, ಗೇರು ಬಂತು, ಬೋಳು ಮರ ಬಂತು. ಗುಡ್ಡದ ಮೇಲ್ಭಾಗ ಸತ್ತ ಒಣ ಕಾಡು, ಉಳಿಸುವಂಥದ್ದು ಏನೂ ಇಲ್ಲ ಎಂದ. ಕೊನೆಗೆ ಹೇಳಿದ:

"ಗಮನಿಸಿ. ಕಳೆದ ಮೂವತ್ತು ವರ್ಷದಲ್ಲಿ ಈ ಗುಡ್ಡದ ಮೇಲೆ ಎಷ್ಟೋ ಸಂಸ್ಥೆಗಳು ಸರ್ವೆ ಮಾಡಿವೆ. ಎಲ್ಲರಿಗೂ ಸಿಕ್ಕಿರೋದು ಇದೇ ಗಿಡಗಳು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ವಿಜ್ಞಾನದಲ್ಲಿ ಇಷ್ಟು ಖಚಿತತೆ ಸಿಗೋದು ಅಪರೂಪ. ಅದಕ್ಕೆ ಕಾರಣ ನಮ್ಮ ರಮಾನಂದ ನಾಯ್ಕರ ಮಾರ್ಗದರ್ಶನ."

ಚಪ್ಪಾಳೆ ಬಿತ್ತು. ರಮಾನಂದನೂ ತಟ್ಟಿದ.

ಜಮಖಾನದ ಮೇಲಿಂದ ಮಂಗಲಾ ಎದ್ದಳು. ಮೈಕು ಕೊಡುವವರಿಲ್ಲದೆ ಮೈಕಿಲ್ಲದೆಯೇ ಶುರು ಮಾಡಿದಳು. ಗುಡ್ಡದ ಈ ಬದಿಯಿಂದ ಆ ಬದಿಗೆ ಕೂಗಿ ರೂಢಿಯಾದ ಗಂಟಲು ಅದು.

"ಸಾಹೇಬ್ರೆ, ದಿನಾ ರೇಖನ ಹೋಟ್ಲಲ್ಲಿ ಬನ್ಸ್ ತಿಂದವ, ಇಡೀ ಜಿಲ್ಲೇಲಿ ಬನ್ಸ್ ಬಿಟ್ರೆ ಬೇರೆ ತಿಂಡೀನೇ ಇಲ್ಲ ಅಂತ ಬರ್ದ ಹಾಗಾತು ನಿಮ್ಮ ಖಚಿತ. ಎಲ್ರೂ ಬಂದದ್ದು ಆ ಒಂದು ಗೇರು ಮರದ ಬುಡಕ್ಕೆ. ಮೇಲೆ ಯಾರು ಹತ್ತಿದ್ರು? ಕೇಳಿ ನಿಮ್ಮ ತಜ್ಞರ ಹತ್ರ. ಹೋಯ್, ಶಾಲಿನವ್ರೆ! ನೀವು ಬೆನ್ನು ಹತ್ತಿದ್ದು ಕಡೇಗೆ ಯಾವಾಗ? ಹೇಳಿ ನೋಡುವಾ."

ಸಭೆ ನಕ್ಕಿತು. ಅಧಿಕಾರಿ ಗಡಿಯಾರದಿಂದ ತಲೆಯೆತ್ತಿ, "ಏನ್ರೀ ನಾಯ್ಕರೆ, ಹೌದಾ?" ಎಂದರು.

ರಮಾನಂದ ಎದ್ದ. ಶಾಲು ಒಂದು ಬದಿಗೆ ಜಾರಿತು. ಹಳೆಯ ಅಸ್ತ್ರ ನಾಲಗೆ ತುದಿಗೆ ತಾನಾಗಿ ಬಂತು. "ಮೇಲೆ ಚೌಡಿ ಜಾಗ ಸಾಹೇಬ್ರೆ. ಅಲ್ಲಿ ಹಗ್ಗ ಹಾಕೂಕಾಗ. ಹಂಗಾಗಿ..."

"ಅದನ್ನೂ ನಾವು ಗಮನಿಸಿದ್ದೀವಿ" ಎಂದ ನಾಗರಾಜ ಚಿತ್ರ ಬದಲಿಸಿ. "ಸ್ಥಳೀಯರ ಭಾವನೆಗೆ ಧಕ್ಕೆ ಆಗಲ್ಲ. ಹೆದ್ದಾರಿ ಪಕ್ಕದಲ್ಲಿ ಅಮ್ಮನವರಿಗೆ ಅಮೃತಶಿಲೆಯ ದೇವಸ್ಥಾನ ಕಟ್ಟಿ ಕೊಡ್ತೀವಿ. ವಾಹನ ನಿಲ್ಲಿಸೋಕೆ ಜಾಗ ಸಮೇತ."

ಪರದೆಯ ಮೇಲೆ ಬಿಳಿ ಗೋಪುರ ಮಿಂಚಿತು. ಯುವಕ ಸಂಘದವರು ಕೇಕೆ ಹಾಕಿದರು. ವಿನೋದ ಪೊಟ್ಟಣ ಹಂಚುವುದನ್ನು ನಿಲ್ಲಿಸಿ, ದೇವಸ್ಥಾನ ಸಮಿತಿಗೆ ಯಾರು ಯಾರು ಎಂದು ಅಲ್ಲೇ ಲೆಕ್ಕ ಹಾಕತೊಡಗಿದ. ತನ್ನ ಬಾಯಲ್ಲಿ ಹುಟ್ಟಿದ ಚೌಡಿಗೆ ಗೋಪುರ ಬಂದದ್ದನ್ನು ರಮಾನಂದ ಬಾಯಿ ತೆರೆದು ನೋಡಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ವರ್ಷ ಸೊಪ್ಪು ಕಡಿದರೂ ಒಮ್ಮೆಯೂ ಮುಖ ತೋರಿಸದ ಈ ಅಮ್ಮ ಯಾರು ಎಂದು ಅವರಿಗೆ ತಿಳಿಯಲಿಲ್ಲ.

"ಇಲ್ದೇ ಇದ್ದ ಚೌಡಿಗೆ ಎಂತಾ ದೇವಸ್ಥಾನ?" ಮಂಗಲಾ ಬಿಡಲಿಲ್ಲ. "ಅದೆಲ್ಲ ಬೇಡ. ಮೇಲೆ ಹೋದ್ರಾ, ಹೋಗ್ಲಿಲ್ವಾ? ಅಷ್ಟು ಹೇಳಿ."

ಅಧಿಕಾರಿ ಈಗ ನಾಗರಾಜನ ಕಡೆ ತಿರುಗಿದರು. ಜಾಗ ಆರಿಸಿದ್ದು ಯಾರು ಎಂದು ಕೇಳಿದರು. ನಾಗರಾಜ ಇಲ್ಲಿ ಒಂದು ತಪ್ಪು ಮಾಡಿದ. ಬೇರೆ ಊರಿನವ, ಪಾಪ, ಈ ಕಡೆಯ ಗಂಡಸರ ಮೂಗಿನ ಉದ್ದ ಅವನಿಗೆ ಗೊತ್ತಿರಲಿಲ್ಲ.

"ಸರ್, ಜಾಗ ಎಲ್ಲ ಉಪಗ್ರಹ ಚಿತ್ರ ನೋಡಿ ನಾವೇ ಆರಿಸಿದ್ದು. ಈ ನಾಯ್ಕರು ಬರೀ ಹಗ್ಗ ಹಿಡಿಯೋ ಕೂಲಿ. ಅವರ ಹೇಳಿಕೆಗೆ ಅಷ್ಟು ಮಹತ್ವ ಕೊಡೋ ಅಗತ್ಯ ಇಲ್ಲ."

ಕೂಲಿ! ರಮಾನಂದನ ಕಿವಿ ಕೆಂಪಾಯಿತು. ಅರ್ಧ ಗಂಟೆಯ ಹಿಂದೆ ತಜ್ಞ, ಈಗ ಕೂಲಿ, ಅದೂ ಶಾಲು ಮೈಮೇಲೆ ಇರುವಾಗಲೇ. ಗುಡ್ಡಕ್ಕಾಗಿ ಬಾರದ ಸಿಟ್ಟು, ಸೀಗೆಕಾಯಿಗಾಗಿ ಬಾರದ ಸಿಟ್ಟು, ಹೆಂಡತಿ ತಿಂಗಳಿಡೀ ಬೇಡಿದರೂ ಬಾರದ ಸಿಟ್ಟು ಆ ಒಂದು ಮಾತಿಗೆ ಭುಗ್ಗೆಂದಿತು. ನಡೆದು ಹೋಗಿ ನಾಗರಾಜನ ಕೈಯಿಂದ ಮೈಕು ಕಿತ್ತುಕೊಂಡ.

"ಕೂಲಿಯಾ? ಯಾರು ಕೂಲಿ? ನಿಮ್ಮನ್ನ ಆ ಗೇರು ಮರದ ಬುಡಕ್ಕೆ ತಂದು ಕೂರ್ಸಿದ್ದು ಉಪಗ್ರಹವಾ, ನಾನಾ? ಸಾಹೇಬ್ರೆ, ಇವರೊಬ್ರೇ ಅಲ್ಲ. ಮೂವತ್ತು ವರ್ಷದಲ್ಲಿ ಎಷ್ಟು ಜನ ಬಂದ್ರೋ ಅಷ್ಟೂ ಜನರನ್ನ ನಾನೇ ಅಲ್ಲಿಗೆ ಕರ್ಕೊಂಡು ಹೋದದ್ದು! ಒಬ್ಬನೂ ಮೇಲೆ ಹತ್ಲಿಲ್ಲ. ನಾ ಹತ್ಸೂಕೆ ಬಿಡ್ಲಿಲ್ಲ! ಸುಳ್ಳಾದ್ರೆ ಆ ಮತ್ತಿ ಮರ ಹೋಗಿ ನೋಡಿ. ಎಲ್ರ ಬಿಲ್ಲೆಯೂ ಅದೊಂದಕ್ಕೇ ಹೊಡ್ದದೆ. ಹೊಡೆಸಿದ್ದು ನಾನು!"

ತನ್ನ ಜೀವಮಾನದ ಕಳ್ಳಾಟವನ್ನು ಇಷ್ಟು ಗರ್ವದಿಂದ ಮೈಕಿನಲ್ಲಿ ಸಾರಿದವನನ್ನು ಕಾಯ್ಕಿಣಿ ಅದಕ್ಕೂ ಮುಂಚೆ ಕಂಡಿರಲಿಲ್ಲ.

"ಯಾಕ್ರೀ ಮೇಲೆ ಬಿಡಲಿಲ್ಲ?" ಎಂದರು ಅಧಿಕಾರಿ.

ರಮಾನಂದನ ಕಣ್ಣು ಹಿಂದಿನ ಸಾಲಿನಲ್ಲಿ ಕೂತಿದ್ದ ಭಾಸ್ಕರನ ಮೇಲೆ ಬಿತ್ತು. ಮೈಕು ಸ್ವಲ್ಪ ಕೆಳಗಿಳಿಯಿತು.

"ಉಣುಗು ಸಾಹೇಬ್ರೆ" ಎಂದ. "ನಂಗೆ ಉಣುಗು ಅಂದ್ರೆ ಹೆದ್ರಿಕೆ."

ಯಾರೂ ನಗಲಿಲ್ಲ. ಆ ಊರಲ್ಲಿ ಆ ಮಾತಿಗೆ ನಗುವವರಿಲ್ಲ.

ಅಧಿಕಾರಿ ಮತ್ತಿ ಮರ ನೋಡಲು ಹೊರಟರು. ಎರಡನೇ ಸಭೆ ತಪ್ಪಿಸಿಕೊಳ್ಳಲು ಒಂದು ನೆಪವೂ ಸಿಕ್ಕಿತ್ತೆನ್ನಿ. ಮರ ನಿಂತಿತ್ತು, ಎಲೆಯಿಲ್ಲದೆ, ಬಿಲ್ಲೆಗಳ ಸಮೇತ. ಒಂದರ ಮೇಲೊಂದು, ಒಂದರ ಪಕ್ಕ ಒಂದು, ತುಕ್ಕು ಮೊಳೆಗಳಿಗೆ ಜೋತುಬಿದ್ದು, ಗಾಳಿಗೆ ಟಿಣಿಟಿಣಿ ಅನ್ನುತ್ತಿದ್ದವು. ಕೆಲವನ್ನು ತೊಗಟೆ ಅರ್ಧ ನುಂಗಿತ್ತು. ಇಲಾಖೆಯದಿತ್ತು, ಕಾಲೇಜುಗಳದ್ದಿತ್ತು, ಮೊನ್ನೆಯ ಕಂಪನಿಯದು ಹೊಸದಾಗಿ ಹೊಳೆಯುತ್ತಿತ್ತು. ಊರ ಪೋಲಿ ದನದ ಕೊರಳಲ್ಲೂ ಇಷ್ಟು ಬಿಲ್ಲೆ ಇರಲಿಲ್ಲ. ಮಂಗಲಾ ರೇಖಾಳ ಹೋಟೆಲಿನಿಂದ ತಂದ ಕತ್ತಿಯ ತುದಿಯಿಂದ ಕೊಂಬೆಯ ತೊಗಟೆ ಒಂದಿಷ್ಟು ಕೆರೆದಳು. ಒಳಗೆ ಹಸಿರು.

"ಸತ್ತದ್ದಂತೆ" ಎಂದಳು.

ಅಧಿಕಾರಿ ಗುಡ್ಡದ ಬೆನ್ನಿನ ಕಡೆ ನಾಲ್ಕು ಹೆಜ್ಜೆ ಹಾಕಿದರು. ಪ್ಯಾಂಟಿಗೆ ಮುಳ್ಳು ಹಿಡಿಯಿತು. ಹಿಂದಿನಿಂದ ಯಾರೋ ಉಣುಗು ಎಂದರು. ಅವರು ತಿರುಗಿ ಬಂದು, ಕಾರಿನ ಬಾಗಿಲು ಹಿಡಿದುಕೊಂಡೇ ಬರೆಸಿದರು: ಗುಡ್ಡದ ಮೇಲ್ಭಾಗವನ್ನು ಮಳೆಗಾಲದಲ್ಲಿ, ಊರವರ ಎದುರಿಗೆ, ಹೊಸದಾಗಿ ಸರ್ವೆ ಮಾಡತಕ್ಕದ್ದು. ಅಲ್ಲಿಯವರೆಗೆ ಒಂದು ಮರವನ್ನೂ ಮುಟ್ಟತಕ್ಕದ್ದಲ್ಲ. ಮಾಡುವವರು ಯಾರು? ಅದೇ ನಾಗರಾಜ. ಒಂದೇ ಗುಡ್ಡವನ್ನು ಎರಡು ಸಲ ಅಳೆಯುವ ಗುತ್ತಿಗೆ ಎಲ್ಲರಿಗೂ ಸಿಗುವುದಿಲ್ಲ.

ಶ್ರಾವಣದಲ್ಲಿ ನಾಗರಾಜ ಬಂದ. ಮೊಣಕಾಲುದ್ದದ ರಬ್ಬರ್ ಬೂಟು, ರೈನ್‌ಕೋಟು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ. ಮುಂದೆ ಮಂಗಲಾ ಕತ್ತಿ ಹಿಡಿದು, ಹಿಂದೆ ಹೆಂಗಸರ ದಂಡು ಕಂಬಳಿ ಕೊಪ್ಪೆ ಹೊದ್ದು. ಸರ್ವೆಯವರು ನೆರಳಿಗೆ ತಪ್ಪಿಸಿಕೊಂಡು ಹೋಗದಂತೆ ಕಾವಲು. ನಡುವೆ ರಮಾನಂದ. ಉಣುಗು ಮಳೆಗಾಲದಲ್ಲಿ ಅಷ್ಟಾಗಿ ಕಾಟ ಕೊಡುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳದೆ, ಆರೋಗ್ಯ ಇಲಾಖೆಯವರು ಕೊಟ್ಟಿದ್ದ ಉಣುಗಿನ ಎಣ್ಣೆಯನ್ನು ನೆತ್ತಿಯಿಂದ ಪಾದದವರೆಗೆ ಹಚ್ಚಿಕೊಂಡು, ಹುರಿಯಲಿಟ್ಟ ಬಂಗಡೆಯ ಹಾಗೆ ಹೊಳೆಯುತ್ತಿದ್ದ. ಗೇರು ಮರ ದಾಟುವಾಗ ಒಂದು ಗಳಿಗೆ ಅವನ ಕಾಲು ತಾನಾಗಿ ಹೋಟೆಲಿನ ಕಡೆ ತಿರುಗಿತು. ರೇಖಾ ಒಳಗಿಂದ, "ಮೇಲೆ ಹೋಗಿ ಭಾವಾ, ಚಾ ಆಮೇಲೆ" ಎಂದು ಕೂಗಿದಳು. ಲ್ಯಾಂಪಿನ ಹಾಗೆ ಬೆಳಗುವ ಭಾವನನ್ನು ನೋಡಿ ನಗು ತಡೆಯಲಾಗದೆ ಸೆರಗು ಬಾಯಿಗೆ ಹಿಡಿದಳು.

ಬೆನ್ನಿನ ಮೇಲೆ ಹಗ್ಗ ಹಾಕಿದರು. ಚೌಡಿ ಅಡ್ಡ ಬರಲಿಲ್ಲ. ಮೊದಲನೇ ಚೌಕದಲ್ಲೇ ಮಧ್ಯಾಹ್ನವಾಯಿತು. ಮಾರ್ಚಿನಲ್ಲಿ ಸತ್ತಿದ್ದ ಮರಗಳೆಲ್ಲ ಎದ್ದು ಕೂತಿದ್ದವು. ನೆಲದಿಂದ ಕಾಡರಿಶಿನ, ಗೌರಿ ಹೂ, ತಗಟೆ, ಹೆಸರೇ ಇಲ್ಲದ ಇನ್ನೆಷ್ಟೋ. ನಾಗರಾಜ ಒಂದು ಬಳ್ಳಿ ತೋರಿಸಿ ಇದೇನು ಎಂದು ಕೇಳಿದರೆ ಹೆಂಗಸರಲ್ಲೇ ಜಗಳ. ಒಬ್ಬಳು ಒಂದು ಹೆಸರು ಹೇಳಿದಳು, ಇನ್ನೊಬ್ಬಳು ನಿನ್ನ ತಲೆ ಎಂದಳು, ಮೂರನೆಯವಳು ಅದು ದನ ತಿನ್ನುವುದಿಲ್ಲ, ಅಷ್ಟು ಗೊತ್ತು, ಹೆಸರು ಯಾರಿಗೆ ಬೇಕು ಎಂದಳು. ನಾಗರಾಜನಿಗೂ ಗೊತ್ತಿರಲಿಲ್ಲ. ಆದರೆ ಒಂದು ಕಡೆ ಕಲ್ಲಿನ ಸಂದಿಯಲ್ಲಿ ಬೆರಳುಗುರಿನಷ್ಟು ಕೆಂಪು ಗಿಡವೊಂದು ತನ್ನ ಅಂಟಿನ ರೋಮಕ್ಕೆ ಸೊಳ್ಳೆ ಹಿಡಿದಿಟ್ಟದ್ದನ್ನು ಕಂಡು, ಅವನು ಕೆಸರಿಗೆ ಮೊಣಕಾಲೂರಿ ಕೂತವ ಬಹಳ ಹೊತ್ತು ಏಳಲಿಲ್ಲ. ಚೀಲದೊಳಗಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಕಂಪನಿಗೆ ಮಾರಿಕೊಳ್ಳುವ ಮೊದಲು ಇವನೂ ಗಿಡ ನೋಡಲೆಂದೇ ಓದಿದವನಿರಬೇಕು.

"ಮಂಗಲಾ! ಏ ಮಂಗಲಾ! ಕಾಲಿಗೆ ಎಂತೋ ಹತ್ತದೆ!" ಹಗ್ಗದ ಆ ತುದಿಯಿಂದ ರಮಾನಂದ ಕಿರುಚಿದ.

"ಇಂಬಳ. ರಕ್ತ ಕುಡ್ದು ತಾನೇ ಬೀಳ್ತದೆ. ಹಗ್ಗ ಎಳೀರಿ."

ಅವನು ಎಳೆದ.

ವರದಿ ಹೋಯಿತು. ಅದರಲ್ಲಿ ಏನು ಬರೆದಿತ್ತೆಂದು ಊರಿಗೆ ಯಾರೂ ತಿಳಿಸಲಿಲ್ಲ. ಆದರೆ ಕಂಪನಿಯ ಫಲಕ ಒಂದು ದಿನ ಕಾಣೆಯಾಯಿತು. ಕಂಪನಿಯವರು ಹೊನ್ನಾವರ ಕಡೆ ಬೇರೆ ಗುಡ್ಡ ನೋಡುತ್ತಿದ್ದಾರೆ ಎಂಬ ಸುದ್ದಿ ಬಂತು. ಕೌಳಿಗುಡ್ಡ ಉಳಿಯಿತು ಎಂದು ಎದೆ ತಟ್ಟಿ ಹೇಳುವಂತಿಲ್ಲ. ಒಮ್ಮೆ ಕಣ್ಣು ಬಿದ್ದ ಗುಡ್ಡವನ್ನು ಅವರು ಮರೆಯುವುದಿಲ್ಲ. ಸದ್ಯಕ್ಕೆ ಇದೆ, ಅಷ್ಟೇ. ಯುವಕ ಸಂಘದವರಿಗೆ ಮಾತ್ರ ಅಮೃತಶಿಲೆ ತಪ್ಪಿದ ಬೇಜಾರು ಇನ್ನೂ ಹೋಗಿಲ್ಲ.

ಮುಂದಿನ ಫೆಬ್ರವರಿಯಲ್ಲಿ ರಮಾನಂದನಿಗೆ ನಾಗರಾಜನ ಫೋನು ಬಂತು. ಹೊನ್ನಾವರ ಕಡೆಯ ಗುಡ್ಡ, ಹಗ್ಗ ಹಿಡಿಯಲು ಅನುಭವಸ್ಥರು ಬೇಕು, ಮಾರ್ಚ್ ಮೊದಲ ವಾರ. ರಮಾನಂದ ಅಂಗಳದಲ್ಲಿ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ ಉತ್ತರ ಕೊಟ್ಟ.

"ಮಾರ್ಚಲ್ಲಿ ಆಗೂದಿಲ್ಲ ಸಾಹೇಬ್ರೆ. ನಾ ಈಗ ಮಳೆಗಾಲದ ಸರ್ವೆ ಮಾತ್ರ ಮಾಡೂದು. ಆ ಗುಡ್ಡದ ಬೆನ್ನು ಹತ್ತೂ ಹಾಂಗಿದ್ರೆ ಜೂನ್ ಆದ್ಮೇಲೆ ಫೋನ್ ಮಾಡಿ."

ಅಷ್ಟರಲ್ಲಿ ಮಂಗಲಾ ಗುಡ್ಡದಿಂದ ಇಳಿದು ಬಂದಳು. ತಲೆಯ ಮೇಲೆ ತರಗೆಲೆಯ ದೊಡ್ಡ ಹೊರೆ. ಹೊರೆಯ ಕೆಳಗೆ ಸಿಂಬೆ ಸುತ್ತಿ ಇಟ್ಟುಕೊಂಡದ್ದು ಜರಿ ಅಂಚಿನ ಕೆಂಪು ಶಾಲು.

"ತಜ್ಞರೇ, ಮಾತು ಸಾಕು. ಇದನ್ನ ಇಳ್ಸೂಕೆ ಒಂದು ಕೈ ಹಾಕಿ."

ರಮಾನಂದ ಫೋನು ಜೇಬಿಗೆ ಹಾಕಿ, ಹೊರೆಗೆ ಕಟ್ಟಿದ್ದ ಹಗ್ಗದ ತುದಿ ಹಿಡಿದುಕೊಂಡ.